ಆಷಾಢದ ಊಟ ಮತ್ತು ಮಂಗಗಳ ಲೆಕ್ಕ

ನಮ್ಮೂರಲ್ಲಿ ಈಗ ಮನೆಮನೆಯಿಂದ ದುಡ್ಡು ಎತ್ತುತ್ತಿದ್ದಾರೆ. ಮಂಗ ಹಿಡಿಯುವವರನ್ನು ಕರೆಸುವುದಕ್ಕೆ. ಯಾರಿಗೆ ಎಷ್ಟು ಎಕರೆ ತೋಟ ಇದೆಯೋ ಅದರ ಮೇಲೆ ಪಾಲು. ನಮ್ಮದು ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಮರಕ್ಕೆ ಮೆಣಸಿನ ಬಳ್ಳಿ. ದುಡ್ಡು ಎತ್ತುವ ಕೆಲಸ ವಹಿಸಿಕೊಂಡವನು ನನ್ನ ಮೈದುನನೇ. ಅವನು ಪಟ್ಟಿ ಹಿಡಿದು ಜಗಲಿಗೆ ಬಂದಾಗ, "ಕೊಡಲ್ಲ ಅಂತಲ್ಲ ಮಾರಾಯ, ಕೂತು ಒಂದು ಮಾತು ಕೇಳಿ ಹೋಗು" ಎಂದೆ. ಅವನಿಗೆ ಇನ್ನೂ ಹೊಳೆಯಾಚೆಯ ಮನೆಗಳಿಗೆ ಹೋಗಬೇಕಿತ್ತು. "ಇನ್ನೊಂದಿನ ಬರ್ತೀನಿ ಅತ್ತಿಗೆ" ಎಂದು ಎದ್ದ. ಅವನಿಗೆ ಹೇಳಬೇಕೆಂದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಎಲ್ಲ ಕಡೆಯೂ ಇದೇ ಮಾತು ನಡೆಯುತ್ತಿದೆ ಅಲ್ವಾ?

ಮಂಗನ ಕಾಟ ಸುಳ್ಳು ಎಂದು ನಾನು ಹೇಳುವುದಿಲ್ಲ. ನಮ್ಮ ತೋಟದಲ್ಲೇ ಕಣ್ಣಾರೆ ನೋಡುತ್ತೇನೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಯುವ ಹೊತ್ತಿಗೆ ಹಿಂಡು ಮೇಲಿನ ಸಾಲಿನಿಂದ ಇಳಿಯುತ್ತದೆ. ಒಂದು ಅಡಿಕೆ ಕೊನೆಗೆ (ಗೊನೆಗೆ) ಕೈ ಹಾಕಿದರೆ ಎಳೆ ಅಡಿಕೆಯನ್ನು ಒಂದೊಂದಾಗಿ ಕಿತ್ತು, ಕಚ್ಚಿ, ಒಳಗಿನ ಸಿಹಿ ನೀರು ಹೀರಿ ಬಿಸಾಡುತ್ತವೆ. ಹೊಟ್ಟೆ ತುಂಬಿದರೂ ನಿಲ್ಲಿಸುವುದಿಲ್ಲ. ಅಡಿಕೆಯ ಹೂಗೊಂಚಲು, ಸಿಂಗಾರ, ಅದನ್ನೂ ಬಿಡುವುದಿಲ್ಲ. ಬಾಳೆಗೊನೆ ಬಲಿಯುವವರೆಗೆ ಉಳಿದರೆ ಅದೇ ದೊಡ್ಡದು. ಮರದಿಂದ ಮರಕ್ಕೆ ಹಾರುವಾಗ ಮೆಣಸಿನ ಬಳ್ಳಿ ಕಳಚಿ ಬೀಳುತ್ತದೆ. ವರ್ಷಗಟ್ಟಲೆ ಬೆಳೆಸಿದ ಬಳ್ಳಿ ಅದು. ಮನುಷ್ಯನಿಗೆ ಸಿಟ್ಟು ಬರದೆ ಇರುತ್ತದೆಯೇ? ಇದೇ ತೀರ್ಥಹಳ್ಳಿ ಸೀಮೆಯಲ್ಲಿ ರೈತರೊಬ್ಬರು ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ ಸುದ್ದಿ 2019ರಲ್ಲಿ ದೇಶವೆಲ್ಲ ಓಡಾಡಿತು. ಓದಿದವರು ನಕ್ಕರು. ನನಗೆ ಮಾತ್ರ ಆ ರೈತರ ಕಷ್ಟ ಕಣ್ಣಿಗೆ ಕಟ್ಟಿತು.

ನಾನು ಮದುವೆಗೆ ಮೊದಲು ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಜೀವಿಗಳ ಸಂಖ್ಯೆ ಹೇಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಬಿಚ್ಚಿಕೊಂಡದ್ದು ತೋಟಕ್ಕೆ ಬಂದ ಮೇಲೆ.

ಏರುವ ಬಗೆಯನ್ನು ತೋಟದವರಿಗೆ ವಿವರಿಸಬೇಕಾಗಿಯೇ ಇಲ್ಲ. ಕೊಳೆ ರೋಗ ಬಂದ ವರ್ಷವನ್ನು ನೆನಪಿಸಿಕೊಂಡರೆ ಸಾಕು. ಮೊದಲು ಯಾವುದೋ ಮೂಲೆಯ ಒಂದೆರಡು ಕೊನೆಯಲ್ಲಿ ಕಾಯಿ ಉದುರುತ್ತದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಮೇಲೆ ಬಿಳಿ ಬೂಷ್ಟು. ನಾಲ್ಕು ದಿನ ಬಿಟ್ಟು ನೋಡಿದರೆ ಸಾಲಿಗೆ ಸಾಲೇ ಹಿಡಿದಿರುತ್ತದೆ. ಒಂದು ಕಾಯಿಯ ಬೂಷ್ಟಿನಿಂದ ಮಳೆಹನಿಯ ಜೊತೆ ಬೀಜಕಣ ಸಿಡಿದು ಹತ್ತು ಕಾಯಿಗೆ, ಆ ಹತ್ತರಿಂದ ನೂರಕ್ಕೆ. ಹೆಚ್ಚಾದಷ್ಟೂ ಹೆಚ್ಚುವ ವೇಗವೂ ಹೆಚ್ಚು. 1910ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ಮೈಲುತುತ್ತ, ಸುಣ್ಣದ ಬೋರ್ಡೋ ಮದ್ದನ್ನು ನಮ್ಮ ಅಜ್ಜಂದಿರಿಗೆ ತೋರಿಸಿಕೊಟ್ಟರು. ಇವತ್ತಿಗೂ ಮಳೆ ಹಿಡಿಯುವ ಮೊದಲು ನಾವು ಹೊಡೆಯುವುದು ಅದನ್ನೇ.

ಆದರೆ ಕೊಳೆ ನಿಲ್ಲುವುದು ಹೇಗೆ? ಮಳೆ ಬಿಟ್ಟು ಬಿಸಿಲು ಬಿದ್ದರೆ ನಿಲ್ಲುತ್ತದೆ. ತೋಟದಲ್ಲಿ ರೋಗ ಹಿಡಿದ ಕಾಯಿ ಹತ್ತಿದ್ದರೂ ಅಷ್ಟೇ, ಹತ್ತು ಸಾವಿರವಿದ್ದರೂ ಅಷ್ಟೇ. ಬಿಸಿಲು ಎಣಿಸಿ ಬರುವುದಿಲ್ಲ. ಮಂಗದಂಥ ಪ್ರಾಣಿಯ ವಿಷಯ ಬೇರೆ. ಅದನ್ನು ತಡೆಯುವುದು ಮುಖ್ಯವಾಗಿ ಅದರ ಗುಂಪೇ. ಹಿಂಡು ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲಿನ ಹಣ್ಣು ಕಡಿಮೆ. ಜಗಳ ಜಾಸ್ತಿ. ಬಡಕಲು ತಾಯಿಗೆ ಹಾಲು ಸಾಲುವುದಿಲ್ಲ, ಮರಿ ಉಳಿಯುವುದಿಲ್ಲ. ಕಾಯಿಲೆ ಒಬ್ಬರಿಂದ ಒಬ್ಬರಿಗೆ ಬೇಗ ದಾಟುತ್ತದೆ. ಹೀಗೆ ಹುಟ್ಟು ಇಳಿದು, ಸಾವು ಏರಿ, ಎರಡೂ ಸರಿಸಮ ಆದಲ್ಲಿ ಸಂಖ್ಯೆ ನಿಲ್ಲುತ್ತದೆ. ಆ ಜಾಗ ಸಾಕಬಹುದಾದದ್ದು ಅಷ್ಟು.

ನಿಧಾನಕ್ಕೆ ಮರಿ ಹಾಕುವ ಪ್ರಾಣಿಗೆ ಇದು ಅನ್ವಯಿಸುವುದಿಲ್ಲ ಎಂದುಕೊಳ್ಳಬೇಡಿ. ಎಲ್ಲಕ್ಕಿಂತ ನಿಧಾನ ಆನೆ. ಡಾರ್ವಿನ್ ಅದರದ್ದೇ ಲೆಕ್ಕ ಹಾಕಿದ. ಸಾವು ತಡೆಯದೆ ಹೋದರೆ ಒಂದೇ ಜೋಡಿ ಆನೆಯ ಸಂತಾನ ಸುಮಾರು 750 ವರ್ಷದಲ್ಲಿ ಒಂದು ಕೋಟಿ 90 ಲಕ್ಷದ ಹತ್ತಿರ ಮುಟ್ಟುತ್ತದೆ ಎಂದ. ಹಾಗಾಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಯಾವುದೋ ಒಂದು ತಡೆ ಎಲ್ಲೋ ಇದ್ದೇ ಇರುತ್ತದೆ.

ಈ ತಡೆಯನ್ನು ಲೆಕ್ಕಕ್ಕೆ ಇಳಿಸಿದವನು ಬೆಲ್ಜಿಯಂನ ಪಿಯೇರ್ ವೆರ್‌ಹುಲ್ಸ್ಟ್, 1838ರಲ್ಲಿ. 1798ರಲ್ಲಿ ಇಂಗ್ಲೆಂಡಿನ ಮಾಲ್ಥಸ್ ಜನಸಂಖ್ಯೆ ಹೇಗೆ ಆಹಾರವನ್ನು ಮೀರುತ್ತದೆ ಎಂದು ಬರೆದು ಎಲ್ಲರನ್ನೂ ಬೆಚ್ಚಿಬೀಳಿಸಿದ್ದ. ವೆರ್‌ಹುಲ್ಸ್ಟ್ ಒಂದು ಹೆಜ್ಜೆ ಮುಂದೆ ಹೋದ. ಅವನು ಹೇಳಿದ್ದು ಸರಳ. ಜಾಗದಲ್ಲಿ ಇನ್ನೂ ಎಷ್ಟು ಭಾಗ ಖಾಲಿ ಇದೆಯೋ, ಬೆಳೆಯುವ ವೇಗಕ್ಕೆ ಅಷ್ಟು ಅವಕಾಶ. ಖಾಲಿ ಜಾಗ ಕಡಿಮೆಯಾದ ಹಾಗೆ ವೇಗವೂ ಇಳಿಯುತ್ತದೆ. ಅವನ ಲೆಕ್ಕವನ್ನು ಬಹಳ ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ. 1920ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ತಾವಾಗಿಯೇ ಅದೇ ಲೆಕ್ಕಕ್ಕೆ ಬಂದರು. ಈಗ ಜಗತ್ತಿನ ಎಲ್ಲ ಜೀವಶಾಸ್ತ್ರದ ಪುಸ್ತಕದಲ್ಲೂ ಅದಿದೆ.

ಈಗ ನಮ್ಮೂರಿನ ಮಂಗಕ್ಕೆ ಇದನ್ನು ಹಚ್ಚಿ ನೋಡೋಣ. ಸಂಖ್ಯೆಗಳು ಸುಮ್ನೆ ಉದಾಹರಣೆಗೆ. ನಮ್ಮೂರು ನೂರು ಮಂಗವನ್ನು ಸಾಕಬಲ್ಲದು, ಈಗ ತೊಂಬತ್ತು ಇವೆ ಎನ್ನಿ. ಯಾವ ತಡೆಯೂ ಇಲ್ಲದಿದ್ದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ಏರುತ್ತವೆ ಎನ್ನಿ. ತೊಂಬತ್ತು ಇದ್ದಾಗ ಖಾಲಿ ಇರುವುದು ಹತ್ತರಲ್ಲಿ ಒಂದು ಭಾಗ. ಹಾಗಾಗಿ ವರ್ಷಕ್ಕೆ ಹೆಚ್ಚುವುದು ಎರಡಕ್ಕೂ ಕಡಿಮೆ. ನಾವು ದುಡ್ಡು ಕೊಟ್ಟು ನಲವತ್ತು ಹಿಡಿಸಿದೆವು. ಐವತ್ತು ಉಳಿದವು. ಈಗ ಅರ್ಧ ಜಾಗ ಖಾಲಿ. ವರ್ಷಕ್ಕೆ ಹೆಚ್ಚುವುದು ಐದು. ಮಂಗ ಕಡಿಮೆಯಾಗಿ ಹುಟ್ಟಿ ಉಳಿಯುವ ಮರಿ ಜಾಸ್ತಿಯಾಯಿತು. ವೆರ್‌ಹುಲ್ಸ್ಟನ ಲೆಕ್ಕದಲ್ಲಿ ಬೆಳವಣಿಗೆ ಅತಿ ಜೋರಾಗಿರುವುದು ಸರಿಯಾಗಿ ಈ ಅರ್ಧದ ಜಾಗದಲ್ಲೇ. ಸಮುದ್ರದ ಮೀನುಗಾರಿಕೆಯವರು ಇದನ್ನೇ ಬಳಸಿಕೊಂಡರು. ವರ್ಷವರ್ಷ ಅತಿ ಹೆಚ್ಚು ಮೀನು ಹಿಡಿಯುತ್ತಲೇ ಇರಬೇಕೆಂದರೆ ಮೀನಿನ ಸಂಖ್ಯೆಯನ್ನು ಅರ್ಧದ ಆಸುಪಾಸಿನಲ್ಲಿ ಇಡಬೇಕು ಎಂದು. ಅವರಿಗೆ ಮೀನು ಬೇಕು, ನಮಗೆ ಮಂಗ ಬೇಡ. ಆದರೂ ನಾವು ಮಾಡುತ್ತಿರುವುದು ಅವರ ಕೆಲಸವನ್ನೇ.

ಮೈದುನ ಇದನ್ನು ಕೇಳಿದರೆ ತಕ್ಷಣ ಒಂದು ಮಾತು ಹೇಳುತ್ತಾನೆ, ಗೊತ್ತು. "ಅತ್ತಿಗೆ, ನಿಮ್ಮ ಲೆಕ್ಕದಲ್ಲೇ ಐವತ್ತು ಮತ್ತೆ ತೊಂಬತ್ತಾಗಬೇಕಾದರೆ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಹತ್ತು ವರ್ಷ ನೆಮ್ಮದಿ ಸಿಕ್ಕರೆ ಸಾಲದಾ?" ನ್ಯಾಯವಾದ ಪ್ರಶ್ನೆ. ಹುಟ್ಟಿನಿಂದ ಮಾತ್ರ ತುಂಬುವುದಾದರೆ ಅವನ ಮಾತೇ ಸರಿ. ಆದರೆ ಮಂಗ ನಡೆದೂ ಬರುತ್ತದೆ. ಒಂದೊಂದು ಹಿಂಡಿಗೆ ತನ್ನದೇ ಸರಹದ್ದು ಇರುತ್ತದೆ. ನಮ್ಮೂರಿನ ಹಿಂಡು ಇರುವ ತನಕ ಹೊಳೆಯಾಚೆಯ ಹಿಂಡು ಈಚೆ ಬರುವುದಿಲ್ಲ, ಬಂದರೆ ದೊಡ್ಡ ಗಲಾಟೆ. ನಮ್ಮದನ್ನು ಹಿಡಿದು ಸಾಗಿಸಿದರೆ ಕಾವಲಿಲ್ಲದ ತೋಟ, ಇಳಿಬಿದ್ದ ಕೊನೆ, ಬೈಯುವ ಮಂಗ ಯಾವುದೂ ಇಲ್ಲ. ಹಿಂದೊಮ್ಮೆ ನಮ್ಮೂರಲ್ಲಿ ಹಿಡಿಸಿದಾಗ ಹೀಗೇ ಆಯಿತು. ಸ್ವಲ್ಪ ಕಾಲ ನೆಮ್ಮದಿಯಾಗಿತ್ತು. ಆಮೇಲೆ ಬಾಲ ಮೊಂಡಾದ ಒಂದು ದೊಡ್ಡ ಗಂಡು ಹಿಂಡು ಕಟ್ಟಿಕೊಂಡು ಬಂತು. ಆ ಮೊಂಡುಬಾಲವನ್ನು ಹೊಳೆಯಾಚೆಯವರು ಬಹಳ ದಿನದಿಂದ ನೋಡಿದ್ದರು. ಇನ್ನು ನಮ್ಮಲ್ಲಿ ಹಿಡಿದವನ್ನು ಎಲ್ಲಿ ಬಿಟ್ಟರು? ದೂರದ ಕಾಡಿಗೆ ಎಂದರು. ಆ ಕಾಡಿನ ಪಕ್ಕದಲ್ಲೂ ಯಾರದ್ದೋ ತೋಟ ಇದ್ದೇ ಇರುತ್ತದೆ. ಯಾವುದೋ ಊರಿನ ಮಂಗವನ್ನು ರಾತ್ರಿ ಹೊತ್ತು ವ್ಯಾನಿನಲ್ಲಿ ತಂದು ನಮ್ಮ ಕಡೆಯ ರಸ್ತೆಯಲ್ಲಿ ಬಿಟ್ಟು ಹೋದದ್ದೂ ಇದೆ.

ಹಾಗಾದರೆ ನೋಡಬೇಕಾದದ್ದು ತೊಂಬತ್ತನ್ನು ಅಲ್ಲ, ಆ ನೂರನ್ನು. ನಮ್ಮೂರು ನೂರು ಮಂಗವನ್ನು ಸಾಕುವಂತಾದದ್ದು ಹೇಗೆ?

ನಮ್ಮ ಅತ್ತೆ ಒಂದು ಮಾತು ಹೇಳುತ್ತಾರೆ. "ಮನೇಲಿ ಎಷ್ಟು ಜನಕ್ಕೆ ಅನ್ನ ಇದೆ ಅಂತ ಸುಗ್ಗಿಯಲ್ಲಿ ನೋಡಬಾರದು, ಆಷಾಢದಲ್ಲಿ ನೋಡಬೇಕು." ಅವರು ಈ ಮನೆಗೆ ಬಂದಾಗ ಮಳೆಗಾಲವೆಂದರೆ ಹೊರಗೆ ಹೋಗಿ ಏನನ್ನೂ ತರಲಾಗದ ಕಾಲ. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಮಾವಿನಮಿಡಿ, ಪಣತದ ಅಕ್ಕಿ. ಅಷ್ಟರಲ್ಲೇ ಮನೆಯವರು, ಆಳುಗಳು, ನೆಂಟರು ಎಲ್ಲರ ಊಟ ನಡೆಯಬೇಕು. ಸುಗ್ಗಿಯಲ್ಲಿ ಎಷ್ಟೇ ಹೇರಳ ಇದ್ದರೂ, ಮನೆಯ ತಾಕತ್ತು ಗೊತ್ತಾಗುವುದು ಆ ಎರಡು ತಿಂಗಳಲ್ಲಿ.

ಕಾಡಿನ ಪ್ರಾಣಿಗೂ ಇದೇ ನಿಯಮ. ಬೇಸಿಗೆಯ ಕೊನೆಯಲ್ಲಿ ಮಲೆನಾಡಿನ ಕಾಡಿನಲ್ಲಿ ಹಣ್ಣಿಗೆ ಬರವಿಲ್ಲ. ಕವಳೆ, ಮುರುಗಲು, ಮಾವು, ಹಲಸು, ಹೆಬ್ಬಲಸು, ನೇರಳೆ, ಒಂದರ ಹಿಂದೆ ಒಂದು. ಸಾವಿರ ಮಂಗಕ್ಕೂ ಸಾಕು. ಆದರೆ ಮಳೆ ಬಲವಾಗಿ ಹಿಡಿದ ಮೇಲೆ ಹಣ್ಣು ಕಮ್ಮಿ. ಆಗ ಕೈಹಿಡಿಯುತ್ತಿದ್ದದ್ದು ಅತ್ತಿ, ಬಸರಿ, ಗೋಳಿ, ಆಲದಂಥ ಮರಗಳು. ಇವು ಎಲ್ಲ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಈ ಮರ ಈಗ ಬಿಟ್ಟರೆ ಆ ಮರ ಇನ್ನೆರಡು ತಿಂಗಳಿಗೆ. ಕಾಡಿನಲ್ಲಿ ಸಾಕಷ್ಟು ಇದ್ದರೆ ವರ್ಷದ ಯಾವ ತಿಂಗಳಲ್ಲೂ ಎಲ್ಲೋ ಒಂದು ಕಡೆ ಹಣ್ಣು ಸಿಗುತ್ತದೆ. ಉಳಿದ ಹೊಟ್ಟೆಗೆ ಎಲೆ, ಚಿಗುರು, ಹುಳಹುಪ್ಪಟೆ. ಹಳೆಯ ಕಾಡು ಎಷ್ಟು ಮಂಗವನ್ನು ಸಾಕುತ್ತಿತ್ತು ಎಂಬುದು ಈ ಬಡ ತಿಂಗಳುಗಳಲ್ಲಿ ತೀರ್ಮಾನವಾಗುತ್ತಿತ್ತು.

ಈಗ ನಮ್ಮ ತೋಟ ನೋಡಿ. ಎಳೆ ಅಡಿಕೆ ಸಿಹಿಯಾಗಿರುವುದು ಯಾವಾಗ? ಸರಿಯಾಗಿ ಮಳೆಗಾಲದಲ್ಲಿ. ಬಾಳೆ ವರ್ಷವಿಡೀ ಇದೆ. ಎಳನೀರು ಇದೆ, ಕೋಕೋ ಹಾಕಿದವರ ತೋಟದಲ್ಲಿ ಅದೂ ಇದೆ. ಕಾಡಿನಲ್ಲಿ ಊಟ ಕಡಿಮೆಯಾಗುವ ತಿಂಗಳಲ್ಲೇ ನಾವು ಎಲೆ ಹಾಕಿ ಬಡಿಸಿಟ್ಟಿದ್ದೇವೆ. ಆಗುಂಬೆ ಘಾಟಿಯ ತಿರುವುಗಳಲ್ಲೂ ಹೀಗೇ. ಪ್ರವಾಸಿಗರು ಅಲ್ಲಿಗೆ ಮುಗಿಬೀಳುವುದು ಮಳೆ, ಮಂಜು ನೋಡಲೆಂದು. ಕಾರಿನ ಕಿಟಕಿಯಿಂದ ಚಿಪ್ಸ್, ಬಿಸ್ಕತ್ತು, ಬಾಳೆಹಣ್ಣು ಎಸೆಯುತ್ತಾರೆ. ಬೇಸಿಗೆಯಲ್ಲಿ ಎಸೆದ ಒಂದು ಬಾಳೆಹಣ್ಣಿಗಿಂತ ಶ್ರಾವಣದಲ್ಲಿ ಎಸೆದ ಒಂದು ಬಾಳೆಹಣ್ಣು ಮಂಗದ ಸಂಖ್ಯೆಯನ್ನು ಹೆಚ್ಚು ಏರಿಸುತ್ತದೆ. ಇದನ್ನು ಯಾರೂ ಯೋಚಿಸುವುದಿಲ್ಲ. ಪುಣ್ಯದ ಕೆಲಸ ಎಂದೇ ಕೊಡುತ್ತಾರೆ, ಪಾಪ.

ಮಿತಿ ಯಾವಾಗಲೂ ಊಟದ್ದೇ ಆಗಿರಬೇಕೆಂದಿಲ್ಲ. ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ಹತ್ತಿರ ಬಸ್ಸಿನ ಕಿಟಕಿಯಿಂದ ತುಂಗೆಯ ನಡುಗಡ್ಡೆ ಕಾಣುತ್ತದೆ. ಅದು ಒಂದು ಎಕರೆಗಿಂತ ಚೂರು ದೊಡ್ಡದು, ಅಷ್ಟೇ. ಮಳೆಗಾಲದಲ್ಲಿ ಮರಗಳು ಬೆಳ್ಳಕ್ಕಿ, ನೀರುಕಾಗೆಗಳ ಗೂಡಿನಿಂದ ಬಾಗಿರುತ್ತವೆ. ಸುತ್ತಲಿನ ಗದ್ದೆ, ಹೊಳೆಯಲ್ಲಿ ಮೀನು, ಕಪ್ಪೆಗೆ ಕೊರತೆಯಿಲ್ಲ. ಆದರೆ ಹಾವು, ಬೆಕ್ಕು, ಮನುಷ್ಯ ಸುಲಭಕ್ಕೆ ಮುಟ್ಟದ, ನೀರು ಸುತ್ತುವರಿದ ಕೊಂಬೆ ಇರುವುದು ಅಷ್ಟೇ. ಅಲ್ಲಿ ಎಷ್ಟು ಸಂಸಾರ ಹೂಡಬಹುದೆಂದು ಹೇಳುವುದು ಆ ಕೊಂಬೆಗಳು. ಹೊಳೆಗೆ ಇನ್ನಷ್ಟು ಮೀನುಮರಿ ಬಿಟ್ಟರೆ ಅಲ್ಲಿ ಗೂಡು ಹೆಚ್ಚುವುದಿಲ್ಲ. ಎರಡು ಮರ ಬಿದ್ದರೆ ಮಾತ್ರ ಕಡಿಮೆಯಾಗುತ್ತವೆ. ಯಾವ ಜೀವಿಗೆ ಯಾವ ಮಿತಿ ಎಂದು ಮೊದಲು ಕಂಡುಕೊಳ್ಳಬೇಕು. ಅದು ಬಿಟ್ಟು ಬೇರೆ ಏನನ್ನು ಬದಲಿಸಿದರೂ ದುಡ್ಡು ದಂಡ.

ಮಂಗಕ್ಕೆ ಇದ್ದ ಇನ್ನೊಂದು ಮಿತಿ ಹೆದರಿಕೆ. ಹಿಂದೆ ಒಂದೊಂದು ಮನೆಯಲ್ಲೂ ಹತ್ತು ಹದಿನೈದು ಜನ. ಹುಡುಗರು ಕವಣೆ ಹಿಡಿದು ತೋಟದಲ್ಲೇ ಇರುತ್ತಿದ್ದರು. ನಾಯಿ ನಾಲ್ಕು. ಮಂಗ ತೋಟಕ್ಕೆ ಇಳಿದರೆ ನೆಮ್ಮದಿಯಿಂದ ತಿನ್ನಲು ಆಗುತ್ತಿರಲಿಲ್ಲ. ಊಟ ಕಣ್ಣೆದುರಿಗೆ ಇದ್ದೂ ಸಿಗದಿದ್ದರೆ ಅದು ಊಟದ ಲೆಕ್ಕಕ್ಕೆ ಸೇರುವುದಿಲ್ಲ. ಈಗ ನಮ್ಮ ಓಣಿಯಲ್ಲಿ ಬಹಳ ಮನೆಗಳಲ್ಲಿ ಇಬ್ಬರೇ ಇರುವುದು, ಅವರೂ ಎಪ್ಪತ್ತು ದಾಟಿದವರು. ಮಕ್ಕಳು ಬೆಂಗಳೂರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಾಸರಿ 1.7 ಮಕ್ಕಳು ಎಂದಿತ್ತು. ಇಬ್ಬರ ಜಾಗಕ್ಕೆ ಇಬ್ಬರು ಬರಬೇಕೆಂದರೆ 2.1ರಷ್ಟು ಬೇಕು. ಮನುಷ್ಯರ ಸಂಖ್ಯೆ ಏರುತ್ತಲೇ ಹೋಗುತ್ತದೆ ಎಂದು ಮಾಲ್ಥಸ್ ಹೆದರಿದ್ದ. ನಮ್ಮ ಓಣಿಯಲ್ಲಿ ಮಕ್ಕಳ ಸದ್ದೇ ಇಲ್ಲ. ಹಸಿವಿನಿಂದ, ರೋಗದಿಂದ ಅಲ್ಲ, ಓದು, ನೌಕರಿ, ಜನರ ಸ್ವಂತ ತೀರ್ಮಾನದಿಂದ ಹುಟ್ಟು ಇಳಿಯುತ್ತದೆ ಎಂಬುದು ಅವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಎಪ್ಪತ್ತೈದರ ಮಾವನವರು ಮಳೆಯಲ್ಲಿ ಜಾರುವ ಕಾಲುಸಂಕ ದಾಟಿ ಮಂಗ ಓಡಿಸಲು ಹೋಗುವುದನ್ನು ನೋಡಿದರೆ ನನಗೆ ಜೀವ ಬಾಯಿಗೆ ಬರುತ್ತದೆ.

"ಹಿಂದೆ ಇಷ್ಟು ಮಂಗ ಇರಲೇ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ತೋಟದಲ್ಲಿ ಇರಲಿಲ್ಲ, ಅದು ನಿಜ. ಆದರೆ ಒಟ್ಟು ಲೆಕ್ಕ ಬೇರೆ ಕಥೆ ಹೇಳುತ್ತದೆ. ಮೈಸೂರಿನ ಸುತ್ತಮುತ್ತಲಿನ ರಸ್ತೆಬದಿಯ ಮಂಗಗಳನ್ನು ಸುಮಾರು 25 ವರ್ಷದ ಅಂತರದಲ್ಲಿ ಎಣಿಸಿದ ಸಂಶೋಧಕರು ಶೇಕಡಾ 65ಕ್ಕೂ ಹೆಚ್ಚು ಇಳಿದಿವೆ ಎಂದು 2017ರಲ್ಲಿ ಪ್ರಕಟಿಸಿದರು. ರಸ್ತೆ ಅಗಲ ಮಾಡಲು ಕಡಿದ ಆಲದ ಸಾಲುಗಳೇ ಅವುಗಳ ಮನೆಯಾಗಿದ್ದವು. ನಾವು ದಿನಾ ಬೈಯುವ ಈ ಮಂಗ ದಕ್ಷಿಣ ಭಾರತ ಬಿಟ್ಟು ಬೇರೆ ಯಾವ ಕಾಡಿನಲ್ಲೂ ಇಲ್ಲ. ಜಗತ್ತಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಅದೂ ಸೇರಿದೆ. ನಮ್ಮಲ್ಲೂ ಗುಡ್ಡದ ಕಾಡು ಕಡಿದು ಕಾಗದದ ಮರವೆಂದು ಅಕೇಶಿಯಾ ನೆಟ್ಟರು. ಅದರಲ್ಲಿ ಮಂಗಕ್ಕೆ ತಿನ್ನಲು ಏನಿದೆ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳಲ್ಲಿ ಇದ್ದ ಬಸರಿ, ರಂಜ, ನೇರಳೆ ಒಂದೊಂದಾಗಿ ಹೋದವು. ಎಷ್ಟೋ ಬೆಟ್ಟ ತೋಟವೇ ಆಯಿತು. ಮೇಲೆ ಕಾಡಿನ ಮಿತಿ ಇಳಿಯಿತು, ಕೆಳಗೆ ತೋಟದ ಮಿತಿ ಏರಿತು. ಮೇಲಿದ್ದವು ಕೆಳಗೆ ಬಂದವು.

ಮಿತಿ ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ಪುಸ್ತಕಗಳಲ್ಲಿ ಒಂದು ಹಿಮಸಾರಂಗದ ಕಥೆ ಬರುತ್ತದೆ. ಅಲಾಸ್ಕಾದ ಆಚೆ, ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಎಂಬ ದ್ವೀಪ. 1944ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯವರು ಅಲ್ಲಿ 29 ಹಿಮಸಾರಂಗ ಬಿಟ್ಟರು. ಅವನ್ನು ತಿನ್ನುವ ತೋಳ ಅಲ್ಲಿರಲಿಲ್ಲ. ನೆಲದ ತುಂಬ ಕಲ್ಲುಹೂವಿನ ಹಾಸು. 1957ಕ್ಕೆ 1,350 ಆದವು. 1963ಕ್ಕೆ 6,000. ಕಲ್ಲುಹೂವು ಬಹಳ ನಿಧಾನಕ್ಕೆ ಬೆಳೆಯುವಂಥದು. ಎಷ್ಟೋ ವರ್ಷದಿಂದ ಕೂಡಿದ್ದ ಗಂಟನ್ನು ಅವು ಕೆಲವೇ ವರ್ಷದಲ್ಲಿ ತಿಂದು ಮುಗಿಸಿದ್ದವು. ಆ ಚಳಿಗಾಲ ಹಿಮ ಜಾಸ್ತಿ ಬಿತ್ತು. 1966ರಲ್ಲಿ ಡೇವಿಡ್ ಕ್ಲೈನ್ ಎಂಬ ಸಂಶೋಧಕರು ಹೋಗಿ ನೋಡಿದಾಗ ಉಳಿದದ್ದು 42. ದ್ವೀಪದ ತುಂಬ ಎಲುಬು. ಇಲ್ಲೂ ನೋಡಿ, ತೀರ್ಮಾನ ಮಾಡಿದ್ದು ಬೇಸಿಗೆಯ ಮೇವಲ್ಲ, ಚಳಿಗಾಲದ್ದು.

ನಮ್ಮಲ್ಲಿ ಆ ಕೆಲಸವನ್ನು ಕಾಯಿಲೆ ಮಾಡುತ್ತದೆ. ಅದನ್ನು ನೆನೆದರೆ ಮಲೆನಾಡಿನವರಿಗೆ ಮೈ ಝುಂ ಎನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಕರೆಯುವ ರೋಗವನ್ನು ಜಗತ್ತು ಇವತ್ತಿಗೂ ಕ್ಯಾಸನೂರು ಕಾಡಿನ ಹೆಸರಲ್ಲೇ ಕರೆಯುತ್ತದೆ. ಮುಸಿಯ (ಕಪ್ಪು ಮುಖದ, ಉದ್ದ ಬಾಲದ ಲಂಗೂರ್), ಮಂಗ ಎರಡಕ್ಕೂ ತಗಲುತ್ತದೆ. ಹರಡುವುದು ಉಣುಗಿನಿಂದ. ಸತ್ತ ಮಂಗದ ಮೈಮೇಲಿನ ಉಣುಗು ಸುತ್ತ ಉದುರಿ, ಸೊಪ್ಪು, ದರಗು ತರಲು ಹೋದವರ ಕಾಲಿಗೆ ಹತ್ತುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳು ಕಣ್ಣೀರು ಹಾಕಿದವು ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು. ಒಂದೂರಿನ ಮಂಗವನ್ನು ಪಂಜರದಲ್ಲಿ ತುಂಬಿ ಇನ್ನೊಂದೂರಿನ ಕಾಡಿಗೆ ಬಿಡುವುದೆಂದರೆ ಅದರ ಮೈಯ ಉಣುಗು, ರಕ್ತದ ರೋಗ ಎರಡನ್ನೂ ಸಾಗಿಸಿದ ಹಾಗೆ. ಈ ಒಂದು ಕಾರಣಕ್ಕಾದರೂ ಮಲೆನಾಡಿನಲ್ಲಿ ಮಂಗ ಸಾಗಿಸುವ ಕೆಲಸ ನಿಲ್ಲಬೇಕು. ಇದನ್ನು ನಾನು ಎಷ್ಟು ಸಲ, ಯಾರ ಎದುರು ಬೇಕಾದರೂ ಹೇಳುತ್ತೇನೆ.

ಸಂತಾನಹರಣ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಿಮಾಚಲ ಪ್ರದೇಶದಲ್ಲಿ ಅಲ್ಲಿಯ ಜಾತಿಯ ಮಂಗಗಳಿಗೆ ಮಾಡಿದ್ದಾರೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ. ಸಂಖ್ಯೆ ಇಳಿದಿದೆ ಎಂದು ಅಲ್ಲಿನ ಅರಣ್ಯ ಇಲಾಖೆ ಹೇಳುತ್ತದೆ. ರೈತರ ದೂರು ನಿಂತಿಲ್ಲ. ಆದರೂ ಹಿಡಿದು ಬೇರೆ ಕಡೆ ಬಿಡುವುದಕ್ಕಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ಹಿಂಡು ತನ್ನ ಸರಹದ್ದಿನಲ್ಲೇ ಉಳಿಯುತ್ತದೆ, ಬೇರೆಯವು ಒಳಗೆ ಬರುವುದಿಲ್ಲ, ಹುಟ್ಟು ಮಾತ್ರ ಕಡಿಮೆಯಾಗುತ್ತದೆ. ಆದರೆ ಇದು ಊರಿನವರು ದುಡ್ಡು ಎತ್ತಿ ಮಾಡುವ ಕೆಲಸವಲ್ಲ. ವೈದ್ಯರು, ಇಲಾಖೆ, ವರ್ಷಗಟ್ಟಲೆಯ ತಾಳ್ಮೆ, ಎಲ್ಲ ಬೇಕು.

ನಾವು ಮಾಡಬಹುದಾದದ್ದು ಮಿತಿಯನ್ನೇ ಬದಲಿಸುವ ಕೆಲಸ. ಎತ್ತಿದ ದುಡ್ಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರು ಕಾವಲಿನವರನ್ನು ಇಡಬಹುದು. ಇಡೀ ವರ್ಷಕ್ಕೆ ಬೇಡ, ಆ ನಾಲ್ಕು ತಿಂಗಳು ಸಾಕು. ಒಂದೇ ತೋಟ ಕಾಯುವುದಲ್ಲ, ಓಣಿಯ ಮೇಲಿನ ತುದಿಯಲ್ಲಿ, ಕಾಡಿನಿಂದ ಇಳಿಯುವ ಜಾಗದಲ್ಲೇ ನಿಲ್ಲಿಸಬೇಕು. ಒಬ್ಬರ ತೋಟದಿಂದ ಓಡಿಸಿದರೆ ಪಕ್ಕದವರ ತೋಟಕ್ಕೆ ಹೋಗುತ್ತವೆ ಅಷ್ಟೇ. ಹಾಳಾದ ಬಾಳೆಗೊನೆ, ಮದುವೆಮನೆಯ ಎಂಜಲೆಲೆ ರಸ್ತೆಬದಿಗೆ ಎಸೆಯದೆ ಗುಂಡಿಗೆ ಹಾಕಬೇಕು. ಇಷ್ಟರಿಂದ ಕೆಳಗಿನ ಮಿತಿ ಇಳಿಯುತ್ತದೆ.

ಮೇಲಿನದನ್ನು ಏರಿಸಬೇಕೆಂದರೆ ಸೊಪ್ಪಿನಬೆಟ್ಟಕ್ಕೆ ಮರ ಬರಬೇಕು. ಇದಕ್ಕೆ ಮೈದುನನ ತಕರಾರು ಈಗಲೇ ನನಗೆ ಕೇಳುತ್ತಿದೆ. "ಹಣ್ಣಿನ ಮರ ನೆಟ್ಟರೆ ಮಂಗ ಇನ್ನೂ ಜಾಸ್ತಿ ಆಗಲ್ವಾ?" ಬೇಸಿಗೆಯಲ್ಲಿ ಹಣ್ಣು ಬಿಡುವ ಮರವನ್ನೇ ನೆಟ್ಟರೆ ಏನೂ ಪ್ರಯೋಜನವಿಲ್ಲ, ಆಗ ಹೇಗೂ ಹೇರಳ ಇದೆ. ಅತ್ತಿ, ಬಸರಿ, ಗೋಳಿ ನೆಟ್ಟರೆ ಒಟ್ಟು ಮಂಗದ ಸಂಖ್ಯೆ ಸ್ವಲ್ಪ ಏರಬಹುದು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಕಾವಲು ಮೊದಲು, ಮರ ಜೊತೆಗೆ. ಕೆಳಗೆ ಊಟ ಸಿಗದೆ, ಮೇಲೆ ಸಿಕ್ಕರೆ ಮಾತ್ರ ಹಿಂಡು ಮೇಲೆ ನಿಲ್ಲುತ್ತದೆ. ಬರೀ ಮರ ನೆಟ್ಟು ಕಾವಲು ಬಿಟ್ಟರೆ ಎರಡೂ ಕಡೆ ಉಣ್ಣುತ್ತವೆ.

ಅತ್ತೆ ಮತ್ತು ನಾನು ಈಗ ಒಂದು ಪಟ್ಟಿ ಮಾಡುತ್ತಿದ್ದೇವೆ. ನಮ್ಮ ಬೆಟ್ಟದಲ್ಲಿ, ಹತ್ತಿರದ ಕಾಡಿನಲ್ಲಿ ಯಾವ ತಿಂಗಳು ಯಾವ ಮರದಲ್ಲಿ ಹಣ್ಣು ಇರುತ್ತದೆ ಎಂದು. ಅತ್ತೆಗೆ ಮರಗಳೆಲ್ಲ ಹೆಸರು ಹಿಡಿದು ಗೊತ್ತು, ನಾನು ಬರೆದುಕೊಳ್ಳುತ್ತೇನೆ. ಚೈತ್ರದಿಂದ ಜ್ಯೇಷ್ಠದವರೆಗೆ ಪುಟ ತುಂಬಿದೆ. ಕಾರ್ತಿಕದಿಂದ ಮುಂದೆ ನೆಲ್ಲಿ ಮೊದಲಾದವು ಇವೆ. ಶ್ರಾವಣ, ಭಾದ್ರಪದದ ಎದುರು ಹಿತ್ತಲಿನ ಪೇರಲೆ ಬಿಟ್ಟರೆ ನಮ್ಮ ಬೆಟ್ಟದ್ದು ಎರಡೇ ಹೆಸರು, ಎರಡೂ ಅತ್ತಿಮರಗಳು, ಹಳ್ಳದ ಬದಿಯವು. ನಿಮ್ಮ ಕಡೆ ಆ ಎರಡು ತಿಂಗಳಲ್ಲಿ ಕಾಡಿನಲ್ಲಿ ಹಣ್ಣಾಗುವ ಮರ ಯಾವುದಾದರೂ ಇದ್ದರೆ ಹೆಸರು ತಿಳಿಸಿ. ಗೆಲ್ಲು ನೆಟ್ಟರೆ ಬರುತ್ತದೆಯೋ, ಬೀಜದಿಂದಲೇ ಆಗಬೇಕೋ, ಅದನ್ನೂ ಹೇಳಿ. ಮುಂಗಾರು ಹಿಡಿಯುವ ಮೊದಲು ಗುಂಡಿ ತೆಗೆಸಬೇಕು.